ಪೀಪಿಯವರಿಗೆ ನನ್ನ ಮತ

ಕುಂಬ್ರದಲ್ಲಿ ನಾನು ಲೆಕ್ಕ ಬರೆಯುವ ಕಚೇರಿಗೆ ಮೊದಲ ಸಲ ಬಂದವರು ಕುರ್ಚಿಯಲ್ಲಿ ಕೂತ ಮೇಲೆ ಒಮ್ಮೆ ಮೂಗರಳಿಸಿ ಸುತ್ತ ನೋಡುತ್ತಾರೆ. ಆಮೇಲೆ ಕೇಳುತ್ತಾರೆ, "ಎಂತ ವಾಸನೆ ಮಾರಾಯ್ರೆ ಇದು?" ನಾನು ಕಂಪ್ಯೂಟರಿನ ಮೌಸ್ ಎತ್ತಿ ಅದರ ಅಡಿಯಲ್ಲಿರುವುದನ್ನು ತೋರಿಸುತ್ತೇನೆ. ಎಲ್ಲರ ಮೇಜಿನ ಮೇಲೆ ಮೌಸ್ ಓಡಾಡುವುದಕ್ಕೆ ಅಂಗಡಿಯಿಂದ ತಂದ ಚಂದದ ಹಾಸು ಇದ್ದರೆ ನನ್ನ ಮೇಜಿನ ಮೇಲೆ ಇರುವುದು ಒಂದು ತುಂಡು ರಬ್ಬರ್ ಶೀಟು. ಹೊಗೆಯಲ್ಲಿ ಒಣಗಿಸಿದ್ದು, ಹಳೆಯ ಬೆಲ್ಲದ ಬಣ್ಣದ್ದು. ಮೇಲೆಲ್ಲ ರೋಲರ್ ಒತ್ತಿದ ಓರೆ ಗೆರೆಗಳು. ಆ ಗೆರೆಗಳ ಮೇಲೆ ಮೌಸ್ ನೇರವಾಗಿ ಓಡುವುದಿಲ್ಲ, ತಡೆದು ತಡೆದು ಹೋಗುತ್ತದೆ. ನನಗೆ ಅದು ಅಭ್ಯಾಸವಾಗಿದೆ. ನಾನು ಮಾತಾಡುವುದೂ ಹಾಗೆಯೇ.

ನನಗೆ ಮಾತು ತಡೆಯುತ್ತದೆ. ಎಲ್ಲ ಅಕ್ಷರಗಳೂ ನನ್ನ ಮೇಲೆ ಹಗೆ ಸಾಧಿಸುತ್ತವೆ ಎಂದರೆ ಸುಳ್ಳಾಗುತ್ತದೆ. ಕ, ಜ, ಸ ಸಜ್ಜನರು. ಪ ಮತ್ತು ಬ ಮಾತ್ರ ಶಬ್ದದ ಮೊದಲಿಗೆ ಬಂದರೆ ತುಟಿಯ ಬಾಗಿಲಲ್ಲೇ ಧರಣಿ ಕೂರುತ್ತವೆ. ಅಪ್ಪ ಅಮ್ಮ ಇದನ್ನು ತಿಳಿಯದೆ ನನಗೆ ಪವಿತ್ರ ಎಂದು ಹೆಸರಿಟ್ಟರು. ಆಲೆಟ್ಟಿಯ ನಮ್ಮ ಶಾಲೆಯಲ್ಲಿ ಹೊಸ ಟೀಚರ್ ಬಂದು ಹೆಸರು ಕೇಳಿದಾಗ ನಾನು "ಪ... ಕವಿತ" ಎಂದು ಹೇಳಿ, ಆ ವರ್ಷವಿಡೀ ಕವಿತಳಾಗಿಯೇ ಇದ್ದೆ. ಅಮ್ಮ ಅಂಗಡಿಗೆ ಬೆಲ್ಲ ತರಲು ಕಳಿಸುತ್ತಿದ್ದರು. ನಾನು "ಬೆ... ಬೆ..." ಎನ್ನುವಷ್ಟರಲ್ಲಿ ಅಂಗಡಿಯವರು, ಒಳ್ಳೆಯ ಮನುಷ್ಯ, "ಬೆಂಕಿಪೆಟ್ಟಿಗೆಯಾ ಮಗಾ?" ಎಂದು ಕೈಗೆ ಕೊಟ್ಟುಬಿಡುತ್ತಿದ್ದರು. ನಾನು ತಲೆಯಾಡಿಸಿ ತರುತ್ತಿದ್ದೆ. ನಮ್ಮ ಮನೆಯಲ್ಲಿ ಕಾಫಿಗೆ ಬೆಲ್ಲ ಇಲ್ಲದ ದಿನಗಳಿದ್ದವು, ಒಲೆಗೆ ಬೆಂಕಿಪೆಟ್ಟಿಗೆ ಇಲ್ಲದ ದಿನ ಇರಲಿಲ್ಲ.

ಇನ್ನೊಬ್ಬರ ಮಾತನ್ನು ಮುಗಿಸಿಕೊಡುವ ಪರೋಪಕಾರಿಗಳು ನಮ್ಮ ಕಡೆ ಬಹಳ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರಿಂದ ನನಗೊಂದು ಗುಣ ಅಂಟಿಕೊಂಡಿತು. ಬೇಕಾದದ್ದನ್ನು ಬಿಟ್ಟು, ಬಾಯಿಗೆ ಬರುವುದನ್ನು ಹೇಳುವುದು. ಪುತ್ತೂರಿನಲ್ಲಿ ಕಾಲೇಜಿಗೆ ಸೇರಿದ ಮೇಲೆ ಸುಳ್ಯದಿಂದ ಬಸ್ಸು ಹತ್ತಿ "ಪುತ್ತೂರು" ಎನ್ನಲಾರದೆ "ಒಂದು ಕಬಕ" ಎಂದು ಮುಂದಿನ ಊರಿಗೆ ಟಿಕೆಟ್ ತೆಗೆದು ಪುತ್ತೂರಿನಲ್ಲೇ ಇಳಿಯುತ್ತಿದ್ದೆ. ಕಂಡಕ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಓಯ್ ಕಬಕ, ಇದು ಕಬಕ ಅಲ್ಲ!" ಎಂದು ಕೂಗುತ್ತಿದ್ದ. ಹೋಟೆಲಿನಲ್ಲಿ ಪೂರಿಯ ಮೇಲೆ ಕಣ್ಣಿಟ್ಟು ಇಡ್ಲಿ ಹೇಳುತ್ತಿದ್ದೆ. ನನಗೆ ಚಿಕ್ಕಂದಿನಿಂದ ದಿನಚರಿ ಬರೆಯುವ ಚಟ. ಹಲ್ಲುಜ್ಜುವ ಬ್ರಷ್ ಬದಲಿಸಿದ ತಾರೀಕನ್ನೂ ಬರೆದಿಡುವ ಜಾತಿ ನನ್ನದು. ಆ ವರ್ಷಗಳ ದಿನಚರಿ ತೆರೆದರೆ ಪುಟಪುಟಕ್ಕೂ ಒಂದೇ ವಾಕ್ಯ: "ಇಂದೂ ಇಡ್ಲಿ."

ಪುತ್ತೂರಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು ಜಿನ್ಸಿ. ಕಡಬದ ಆಚೆ ಅವರದ್ದು ಸಣ್ಣ ರಬ್ಬರ್ ತೋಟ. ಅವಳ ಅಜ್ಜ ಕೇರಳದಿಂದ ಬಂದು ಅಲ್ಲಿ ನೆಲೆಯಾದವರು. ಒಂದು ಶನಿವಾರ ಅವಳು ನನ್ನನ್ನು ಮನೆಗೆ ಕರೆದುಕೊಂಡು ಹೋದಳು. ಅಂಗಳ ದಾಟುವ ಮೊದಲೇ ಹಿಂದಿನ ಶೆಡ್ಡಿನಿಂದ ಇಬ್ಬರು ಗಂಡಸರು ಕಿರುಚುವುದು ಕೇಳಿಸಿತು. ನಾನು ಹೆದರಿ ನಿಂತೆ.

"ಜಗಳವಾ?" ಎಂದು ಕೇಳಿದೆ.

"ಅಲ್ಲ ಮಾರಾಯ್ತಿ," ಎಂದಳು ಜಿನ್ಸಿ, "ಜಗತ್ತಿನಲ್ಲಿ ಯಾವ ಬ್ಯಾಂಡ್ ದೊಡ್ಡದು ಅಂತ ಚರ್ಚೆ. ನಾನು ಹುಟ್ಟುವ ಮೊದಲಿಂದ ಉಂಟು."

ಕಿರುಚುತ್ತಿದ್ದವರಲ್ಲಿ ಒಬ್ಬರು ಅವಳ ಅಪ್ಪ ಚಾಕೋಚ್ಚನ್. ಇನ್ನೊಬ್ಬರು ಪಕ್ಕದ ಮನೆಯ ಹಮೀದಾಕ, ಊರಿನ ರಬ್ಬರ್ ಶೀಟುಗಳನ್ನು ಪಿಕಪ್ಪಿನಲ್ಲಿ ಪೇಟೆಗೆ ಸಾಗಿಸುವವರು. ಹಮೀದಾಕ ಪ್ರಾಯದಲ್ಲಿ ಗಲ್ಫಿಗೆ ಹೋಗಿ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದರಂತೆ. ಊರಿಗೆ ಬರುವಾಗ ಬೇರೆಯವರು ಸೆಂಟು, ಕಂಬಳಿ ತಂದರೆ ಇವರು ಖಾಲಿ ಕ್ಯಾಸೆಟ್‌ಗಳಲ್ಲಿ ಇಂಗ್ಲಿಷ್ ಹಾಡು ತುಂಬಿಸಿ, ಪೆನ್ಸಿಲಿನಲ್ಲಿ ತಂಡದ ಹೆಸರು ಬರೆದು, ಪೆಟ್ಟಿಗೆಗಟ್ಟಲೆ ಹೊತ್ತುಕೊಂಡು ಬಂದರು. ಇಡೀ ಊರಿನಲ್ಲಿ ಅದನ್ನು ಕೇಳುವ ಕಿವಿ ಇದ್ದದ್ದು ಚಾಕೋಚ್ಚನ್ ಒಬ್ಬರಿಗೇ. ಅವರು ಹಿಂದೆ ಇಗರ್ಜಿಯ, ಎಂದರೆ ಚರ್ಚಿನ, ಗಾನತಂಡದಲ್ಲಿ ಗಿಟಾರ್ ಬಾರಿಸುತ್ತಿದ್ದವರು.

ಆದರೆ ನಮ್ಮ ಕಡೆಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಕ್ಯಾಸೆಟ್ ಬಿಟ್ಟೀತೇ? ಚಾಕೋಚ್ಚನ್ ಒಂದು ಉಪಾಯ ಮಾಡಿದರು. ಬೂಸ್ಟು ಮುಟ್ಟದ ಜಾಗ ಅವರ ಮನೆಯಲ್ಲಿ ಒಂದೇ, ಶೀಟು ಒಣಗಿಸುವ ಹೊಗೆಮನೆ. ಅದರ ಬಿಸಿ ಗೋಡೆಗೆ ತಾಗಿಸಿ ಹಲಗೆ ಹೊಡೆದು ಎಲ್ಲ ಕ್ಯಾಸೆಟ್ ಜೋಡಿಸಿದರು. ಬೂಸ್ಟು ಬರಲಿಲ್ಲ. ಆದರೆ ಎರಡು ಮೂರು ಮಳೆಗಾಲ ಕಳೆಯುವಾಗ ಗೋಡೆಯ ಸಂದಿನಿಂದ ಬಂದ ಹೊಗೆ ಕೂತು ಚೀಟಿಗಳೆಲ್ಲ ಕಪ್ಪಾಗಿ ಒಂದು ತಂಡದ ಹೆಸರೂ ಓದಲಾಗದೆ ಹೋಯಿತು. ಯಾವ ಕ್ಯಾಸೆಟ್ ಯಾರದ್ದೆಂದು ತಂದ ಹಮೀದಾಕನಿಗೇ ಗುರುತಿಲ್ಲ. ಹಾಗಾಗಿ ಇವರೇ ಹೆಸರಿಟ್ಟರು.

ಹಮೀದಾಕನ ಪಕ್ಷ "ಅಕ್ಕಂದಿರು". ಇಬ್ಬರು ಹೆಂಗಸರು ಸಕ್ಕರೆ ಪಾಕದ ಹಾಗೆ ಹಾಡುವ ತಂಡ. "ಗಂಟಲಿನವರು" ಎಂದರೆ ಕೆಮ್ಮು ವಾಸಿಯಾಗದವನೊಬ್ಬ ಹಾಡುವುದು, ಅದು ಜಿನ್ಸಿಗೆ. "ಕೂದಲಿನವರು" ಎಂದರೆ ನಾಲ್ಕು ಜನ ಹುಡುಗರು, ಹಣೆ ಮುಚ್ಚುವ ಕೂದಲಿನವರೆಂದು ಹಮೀದಾಕನಿಗೆ ಅಷ್ಟು ಮಾತ್ರ ನೆನಪು. ಚಾಕೋಚ್ಚನ್ ಪ್ರಾಣ ಬಿಡುತ್ತಿದ್ದದ್ದು "ಪೀಪಿಯವರ" ಮೇಲೆ. ಆ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಗಿಟಾರುಗಳು ಕಾಡಿಗೆ ಬೆಂಕಿ ಬಿದ್ದ ಹಾಗೆ ಹೊತ್ತಿಕೊಳ್ಳುತ್ತಿದ್ದವು, ಮಧ್ಯೆ ಯಾರೋ ಒಂದು ಪೀಪಿಯನ್ನು ಎದೆ ಒಡೆಯುವಂತೆ ಊದುತ್ತಿದ್ದ. ಇನ್ನೊಂದು ಬದಿಗೆ ತಿರುಗಿಸಿದರೆ ಹೊಳೆಯ ಬದಿಯಲ್ಲಿ ಕೂತವರಂತೆ ಮೆಲ್ಲಗೆ, ಮೂರು ನಾಲ್ಕು ಸ್ವರ ಒಟ್ಟಿಗೆ ಸೇರಿಸಿ ಹಾಡುತ್ತಿದ್ದರು.

"ಎಡಾ ಹಮೀದೇ," ಚಾಕೋಚ್ಚನ್ ಗರ್ಜಿಸುತ್ತಿದ್ದರು, "ಒಂದೇ ತಂಡ! ಒಂದು ಬದಿ ಬೆಂಕಿ, ಒಂದು ಬದಿ ನೀರು! ನಿನ್ನ ಅಕ್ಕಂದಿರಿಗೆ ಸಾಧ್ಯ ಉಂಟಾ?"

"ಬೆಂಕಿ ನೀರು ಎರಡೂ ಯಾಕೆ ಮಾರಾಯ್ರೆ? ಹಾಡು ಹಾಡುದಾ, ಅನ್ನ ಬೇಯಿಸುದಾ?" ಎಂದು ಹಮೀದಾಕ.

ಶೆಡ್ಡಿನ ಕೆಲಸವನ್ನು ಸ್ವಲ್ಪ ಹೇಳಬೇಕು. ಹಿಂದಿನ ದಿನ ತಟ್ಟೆಗೆ ಹೊಯ್ದ ರಬ್ಬರ್ ಹಾಲು ಮರುದಿನಕ್ಕೆ ಹಾಲುಬಾಯಿ ಸಿಹಿಯಂತೆ ಗಟ್ಟಿಯಾಗುತ್ತದೆ. ಅದನ್ನು ರೋಲರ್‌ಗೆ ಕೊಟ್ಟು ತೆಳ್ಳಗಿನ ಶೀಟು ಮಾಡಬೇಕು. ಒಬ್ಬರು ಹಿಡಿ ತಿರುಗಿಸಬೇಕು, ಒಬ್ಬರು ಈ ಕಡೆಯಿಂದ ಶೀಟು ಕೊಡಬೇಕು, ಒಬ್ಬರು ಆ ಕಡೆ ಅಂಗೈ ಒಡ್ಡಿ ಹಿಡಿಯಬೇಕು, ಇನ್ನೊಬ್ಬರು ತೊಳೆದು ನೇತುಹಾಕಬೇಕು. ಹಿಂದೊಮ್ಮೆ ಇಬ್ಬರೂ ಒಟ್ಟಿಗೆ ಕಿರುಚುವ ಭರದಲ್ಲಿ ಹಮೀದಾಕನ ಬೆರಳು ರೋಲರ್‌ನೊಳಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತ್ತಂತೆ. ಅಂದಿನಿಂದ ಶೆಡ್ಡಿಗೊಂದು ಕಾನೂನು ಬಂತು. ಶೀಟು ಕೊಡುವವರಿಗೆ ಮಾತ್ರ ಮಾತು. ಶೀಟು ಪೂರ್ತಿ ಆಚೆ ಬರುವವರೆಗೆ ಉಳಿದವರು ತುಟಿ ಬಿಚ್ಚುವಂತಿಲ್ಲ. ಆಮೇಲೆ ಜಾಗ ಬದಲು, ಮಾತೂ ಬದಲು. ಹಿಡಿ ತಿರುಗಿಸುವ ಚಾಕೋಚ್ಚನ್ ಮಾತ್ರ ತಮ್ಮ ಮಾತಿನ ಸರದಿ ಬಂದಾಗಷ್ಟೇ ಹಿಡಿಯನ್ನು ಬಿಟ್ಟುಕೊಡುತ್ತಿದ್ದರು.

ಮೊದಲ ದಿನವೇ ನನ್ನ ಕೈಗೆ ಒದ್ದೆ ರಬ್ಬರ್ ಹಾಳೆ ಕೊಟ್ಟು ಹಮೀದಾಕ ಹೇಳಿದರು, "ಹಾಂ, ಈಗ ನಿಂದು. ಯಾವ ಬ್ಯಾಂಡ್?"

ಕ್ಯಾಸೆಟ್‌ಗಳನ್ನೆಲ್ಲ ಆಗಷ್ಟೇ ಕೇಳಿಸಿದ್ದರು. ಪೀಪಿ ಊದಿದವನು ನನ್ನ ಎದೆಯೊಳಗೆ ಇನ್ನೂ ಊದುತ್ತಿದ್ದ. ನಾನು ಬಾಯಿ ತೆರೆದೆ. "ಪೀ" ಬರಲಿಲ್ಲ. ಯಾರಾದರೂ ಈಗ ಮುಗಿಸಿಕೊಡುತ್ತಾರೆ ಎಂದು ಕಾದೆ. ಯಾರೂ ಮುಗಿಸಿಕೊಡಲಿಲ್ಲ, ಕಾನೂನು. ರೋಲರ್ ಗರಗರ ತಿರುಗುತ್ತಿತ್ತು, ಮೂವರೂ ನನ್ನ ಬಾಯಿಯನ್ನಲ್ಲ, ಶೀಟನ್ನು ನೋಡುತ್ತಿದ್ದರು. ಅಷ್ಟು ಸಮಯ ನನಗೆ ಜೀವನದಲ್ಲಿ ಯಾರೂ ಕೊಟ್ಟಿರಲಿಲ್ಲ. ಅಷ್ಟಾದರೂ ನಾನು ಹಳೆಯ ಅಭ್ಯಾಸ ಬಿಡದೆ, "ಕೂದಲಿನವರು," ಎಂದೆ.

"ಯಾಕೆ?" ಎಂದು ಚಾಕೋಚ್ಚನ್ ಮುಂದಿನ ಸರದಿಯಲ್ಲಿ ಕೇಳಿದರು. ಕ ಸುಲಭ ಎಂದು ಹೇಳುವುದು ಹೇಗೆ? "ಕೇಳಲಿಕ್ಕೆ ಕುಶಿ" ಎಂದೆ. ಅಲ್ಲಿಗೆ ನಾನು ಕೂದಲಿನವರ ಪಕ್ಷದ ಏಕೈಕ ಸದಸ್ಯೆಯಾದೆ.

ಆಮೇಲೆ ಶನಿವಾರ ಅಲ್ಲಿಗೆ ಹೋಗುವುದು ಒಂದು ರೂಢಿಯೇ ಆಯಿತು, ಕಾಲೇಜು ಮುಗಿದು ಕುಂಬ್ರದಲ್ಲಿ ಕೆಲಸ ಸಿಕ್ಕಿದ ಮೇಲೂ ತಪ್ಪಲಿಲ್ಲ. ಮನೆಗೆ ಬಂದರೆ ಅಮ್ಮ "ಅದ್ ಎಂತರ ವಾಸನೆ?" ಎಂದು ನನ್ನ ಬಟ್ಟೆಗಳನ್ನು ಬೇರೆಯೇ ನೆನೆಸುತ್ತಿದ್ದರು. ಮತಗಳ ಲೆಕ್ಕ ಇಡುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ನಾಲ್ಕು ಗೀಟು, ಐದನೆಯದು ಅಡ್ಡ. ಆದರೆ ನಾಲ್ಕು ಜನಕ್ಕೆ ನಾಲ್ಕು ತಂಡ ಇದ್ದರೆ ಫಲಿತಾಂಶ ಬರುವುದೆಲ್ಲಿಂದ? ಜಿನ್ಸಿ ಮಾತ್ರ ಕೆಲವೊಮ್ಮೆ ಅಪ್ಪನ ಹತ್ತಿರ ಏನಾದರೂ ಬೇಕಿದ್ದಾಗ ಪೀಪಿಯವರಿಗೆ ಹಾರುತ್ತಿದ್ದಳು, ಬೇಕಾದದ್ದು ಸಿಕ್ಕಿದ ಮೇಲೆ ಗಂಟಲಿನವರಿಗೆ ಮರಳುತ್ತಿದ್ದಳು. ನಾನು ಕೂದಲಿನವರ ಪರವಾಗಿ ವಾದ ಮಾಡಲು ಕಲಿತೆ. ಶೀಟು ರೋಲರ್‌ನಲ್ಲಿ ಇರುವಷ್ಟು ಹೊತ್ತು ತಡವರಿಸಿ, ನಿಂತು, ಮತ್ತೆ ಹೊರಟು ಒಂದು ಪೂರ್ತಿ ವಾಕ್ಯ ಮುಗಿಸುತ್ತಿದ್ದೆ. ಎಷ್ಟೋ ಸಲ ಎರಡು ವಾಕ್ಯ. ನನ್ನ ವಾದಕ್ಕೆ ಹಮೀದಾಕ ನಿಜವಾಗಿ ಸಿಟ್ಟಾಗುತ್ತಿದ್ದರು. ಕನಿಕರದವರು ನನಗೆ ಬೇಕಷ್ಟು ಸಿಕ್ಕಿದ್ದರು. ನನ್ನ ಮಾತಿಗೆ ಸಿಟ್ಟಾದವರು ಅವರೇ ಮೊದಲು.

ಒಂದು ವಿಷಯ ಮಾತ್ರ ನನಗೆ ನಾಚಿಕೆ ತರುತ್ತಿತ್ತು. ನಾನು ಕೊಡುವಾಗ ಶೀಟು ಬೇಗ ಹೋಗುತ್ತಿರಲಿಲ್ಲ. "ಮೋಳೇ, ನೀನು ಯಾವಾಗಲೂ ದಪ್ಪದ್ದನ್ನೇ ಹೆಕ್ಕಿ ಕೊಡ್ತಿ," ಎಂದು, ನನ್ನನ್ನೂ ಮಗಳೆಂದೇ ಕರೆಯುವ ಚಾಕೋಚ್ಚನ್ ಗೊಣಗುತ್ತಿದ್ದರು, "ಹಿಡಿ ತಿರುಗುದೇ ಇಲ್ಲ ನೋಡು." ನಾನು ತಟ್ಟೆಗಳಲ್ಲಿ ತೆಳ್ಳಗಿನದ್ದನ್ನೇ ಹುಡುಕುತ್ತಿದ್ದೆ. ಆದರೂ ಗೊಣಗಾಟ ತಪ್ಪುತ್ತಿರಲಿಲ್ಲ.

ಪೀಪಿಯವರ ಗುಟ್ಟು ಒಡೆದದ್ದು ಕಳೆದ ವರ್ಷ. ಜಿನ್ಸಿಯ ಮೊಬೈಲಿನಲ್ಲಿ ಹಾಡು ಕೇಳಿಸಿದರೆ ಹಾಡಿದವರು ಯಾರೆಂದು ಹೇಳುವ ವ್ಯವಸ್ಥೆ ಬಂದಿತ್ತು. "ಅಪ್ಪಚ್ಚಾ, ನಿಮ್ಮ ದೇವರ ಹೆಸರು ನೋಡುವನಾ?" ಎಂದು ಅಪ್ಪನನ್ನು ಕೇಳಿ ಪೀಪಿಯವರ ಕ್ಯಾಸೆಟ್ ಹಾಕಿದಳು. ಒಂದು ಬದಿಗೆ ಒಂದು ಹೆಸರು ಬಂತು. ತಿರುಗಿಸಿ ಹಾಕಿದರೆ ಬೇರೆಯೇ ಹೆಸರು. ಮತ್ತೊಮ್ಮೆ ನೋಡಿದಳು. ಅನುಮಾನವೇ ಇಲ್ಲ. ಬೆಂಕಿಯವರು ಇಂಗ್ಲೆಂಡಿನವರು, ನೀರಿನವರು ಅಮೆರಿಕದವರು. ಆ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಓದುವುದು ಬಿಟ್ಟು ನಿಮ್ಮ ಪಕ್ಷ ಹಿಡಿದು ಜಗಳಕ್ಕೆ ಬರುತ್ತೀರಿ.

ಎಲ್ಲರೂ ಹಮೀದಾಕನನ್ನು ನೋಡಿದೆವು. ಅವರು ತಲೆ ಕೆರೆದುಕೊಂಡರು. "ಒಂದು ತಂಡದ್ದು ಒಂದೇ ಬದಿಗೆ ಮುಗಿದಿರಬೇಕು. ಇನ್ನೊಂದು ಬದಿ ಖಾಲಿ ಬಿಡ್ಲಿಕ್ಕೆ ಮನಸ್ಸು ಬರಲಿಲ್ಲ, ಸಿಕ್ಕಿದ್ದು ತುಂಬಿಸಿದೆ. ಚೀಟಿಯಲ್ಲಿ ಎರಡೂ ಬರೆದಿದ್ದೆ ಮಾರಾಯ್ರೆ. ಹೊಗೆ ಹಾಕಿದ್ದು ಯಾರು?"

ಚಾಕೋಚ್ಚನ್ ಹಿಡಿ ಬಿಟ್ಟು ಮೆಟ್ಟಿಲ ಮೇಲೆ ಕೂತರು. ಇಷ್ಟು ವರ್ಷ ಒಂದೇ ಎಂದು ನಂಬಿದ್ದ ದೇವರು ಎರಡಾಗಿ ಹೋಗಿತ್ತು. ಆಮೇಲೆ ಎದ್ದು ಹೇಳಿದರು, "ಅವರವರ ಊರಲ್ಲಿ ಬೇರೆ ಇರಲಿ. ಇಲ್ಲಿ ಒಂದೇ."

"ಅದು ಕಳ್ಳಾಟ!" ಎಂದರು ಹಮೀದಾಕ. "ಎರಡು ತಂಡ ಸೇರಿಸಿ ಒಂದು ಅಂತ ಹೇಳುದಾದ್ರೆ ನಾನೂ ಅಕ್ಕಂದಿರ ಜೊತೆಗೆ ಇಬ್ಬರು ತಂಗಿಯರನ್ನು ಸೇರಿಸ್ತೇನೆ!" ಶೀಟು ಮತ್ತೆ ಓಡತೊಡಗಿತು.

ಕೆಲವು ತಿಂಗಳಲ್ಲಿ ಜಿನ್ಸಿಯ ಮದುವೆ ನಿಶ್ಚಯವಾಯಿತು. ಹುಡುಗ ನೆಟ್ಟಣದವನು, ನಗುಮುಖದವನು, ಒಂದು ದೋಷವೂ ಇಲ್ಲ. ಹೆಸರು ಮಾತ್ರ ಬಿಬಿನ್. ಜಿನ್ಸಿ ಬಂದು ಹೇಳಿದಳು, "ಮದುವೆ ಹಾಲ್‌ನಲ್ಲಿ ನಮ್ಮ ಪರವಾಗಿ ನೀನೇ ಮಾತಾಡಬೇಕು."

"ಒಂದು ಹೆಸರಿನಲ್ಲಿ ಎರಡು ಬ!" ಎಂದೆ ನಾನು. "ನಿಂಗೆ ಬೇ... ಬೇರೆ ಹುಡುಗ ಸಿಗಲಿಲ್ಲವಾ?"

"ನಿನ್ನ ಬಾಯಿ ನೋಡಿ ನಾನು ಮದುವೆ ಆಗುದಾ ಮಾರಾಯ್ತಿ?"

"'ವರ' ಅಂತ ಹೇಳ್ತೇನೆ. ಸಾಕಲ್ಲ?"

ಅವಳು ನಗಲಿಲ್ಲ. "ಬೇಡ. ಹೆಸರು ಹೇಳು. ಎಷ್ಟು ಹೊತ್ತಾದರೂ ಹೇಳು."

ಮದುವೆಯ ದಿನದವರೆಗೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಶೆಡ್ಡಿನ ಮೂವರ ಎದುರು ತಡವರಿಸುವುದು ಬೇರೆ, ಎರಡು ಕಡೆಯ ನೆಂಟರ ಎದುರು ಮೈಕಿನಲ್ಲಿ ತಡವರಿಸುವುದು ಬೇರೆ. ಮೈಕ್ ತಡವರಿಕೆಯನ್ನೂ ದೊಡ್ಡದು ಮಾಡುತ್ತದೆ. ನನ್ನ ಹೆದರಿಕೆ ನನ್ನ ಮಾನದ್ದಾಗಿರಲಿಲ್ಲ, ಮಾನ ಎಂದೋ ಕಬಕದ ಟಿಕೆಟ್ ತೆಗೆದು ಹೋಗಿತ್ತು. ಅವಳ ಒಂದು ದಿನವನ್ನು ನಾನು ಹಾಳು ಮಾಡಿದರೆ ಎಂಬುದೇ ಹೆದರಿಕೆ.

ಆ ದಿನ ಇಗರ್ಜಿಯ ಹಾಲ್‌ನಲ್ಲಿ ಬಿರಿಯಾನಿಯ ಪರಿಮಳ ಬರುವ ಹೊತ್ತಿಗೆ ನನ್ನನ್ನು ಕರೆದರು. ಶುರುವಿನ ಎರಡು ಮಾತು ಸಲೀಸಾಗಿ ಬಂದವು, ಜಿನ್ಸಿ ಸಜ್ಜನ ಅಕ್ಷರದವಳಲ್ಲವೇ. "ಜಿನ್ಸಿಯ ಕೈ ಹಿಡಿದ ನಮ್ಮ ಬಿ..." ಎಂದೆ. ಅಲ್ಲಿಗೆ ನಿಂತಿತು. ತುಟಿ ಅಂಟಿಕೊಂಡಿತು. ಫ್ಯಾನುಗಳ ಸದ್ದು ಕೇಳಿಸತೊಡಗಿತು. ನೆಟ್ಟಣದ ಕಡೆಯ ಒಬ್ಬ ಹಿರಿಯರು ಕರುಣೆಯಿಂದ "ಬಿಬಿನ್, ಬಿಬಿನ್" ಎಂದು ಹೇಳಿಕೊಟ್ಟರು. ಇನ್ನಿಬ್ಬರು ಸೇರಿಕೊಂಡರು. ತಲೆಯಾಡಿಸಿ ಮುಂದೆ ಹೋದರೆ ಮುಗಿಯಿತು. ಬೆಂಕಿಪೆಟ್ಟಿಗೆ ಹಿಡಿದು ಮನೆಗೆ ನಡೆಯಬಹುದು.

ಆಗ ಕಂಡಿತು. ಮುಂದಿನ ಸಾಲಿನಲ್ಲಿ, ಜರಿ ಅಂಚಿನ ಮುಂಡು ಉಟ್ಟು ಕೂತಿದ್ದ ಚಾಕೋಚ್ಚನ್ ಬಲಗೈ ಮುಷ್ಟಿ ಮಾಡಿ ಗಾಳಿಯಲ್ಲಿ ತಿರುಗಿಸುತ್ತಿದ್ದರು. ಒಂದು ಸುತ್ತು. ಇನ್ನೊಂದು ಸುತ್ತು. ನನ್ನ ಮುಖ ನೋಡುತ್ತಿರಲಿಲ್ಲ, ಶೀಟು ಇರಬೇಕಾದ ಜಾಗವನ್ನು ನೋಡುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಹಮೀದಾಕ ಮೊದಲು ಹಿಂದೆ ತಿರುಗಿ ಹೇಳಿಕೊಡುವವರಿಗೆ "ಶ್!" ಎಂದರು. ಆಮೇಲೆ ಎರಡು ಅಂಗೈ ಮುಂದೆ ಒಡ್ಡಿ, ಆಚೆಯಿಂದ ಬರುವ ಒದ್ದೆ ಹಾಳೆಗೆ ಕಾದು ಕೂತರು.

ಶೀಟು ಇನ್ನೂ ಮುಗಿದಿರಲಿಲ್ಲ. ಮಾತು ನನ್ನದೇ.

"ಬಿ... ಬಿಬಿನ್," ಎಂದೆ. ಹೆಸರು ಪೂರ್ತಿ ಬಂತು. ಮತ್ತೆ ನಾನು ಕ್ಯಾಸೆಟ್ಟಿನ ಕಥೆ ಹೇಳಿದೆ. ಯಾವುದೋ ದೇಶದ ಒಂದು ತಂಡ, ಇನ್ಯಾವುದೋ ದೇಶದ ಇನ್ನೊಂದು ತಂಡ. ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಒಂದು ಕ್ಯಾಸೆಟ್ಟಿನ ಎರಡು ಬದಿಯಲ್ಲಿ ಸಂಸಾರ ಹೂಡಿದರು. ಒಬ್ಬರು ಬೆಂಕಿ, ಒಬ್ಬರು ನೀರು. ಇಷ್ಟು ವರ್ಷ ನಾವು ಕೇಳಿದೆವು, ಅವರು ಇಬ್ಬರೆಂದು ಒಬ್ಬರಿಗೂ ಗೊತ್ತಾಗಲಿಲ್ಲ. ನೀವೂ ಹಾಗೆ ಇರಿ ಎಂದೆ. ಯಾರು ಬೆಂಕಿ ಎಂದು ನಾನು ಹೇಳುವುದಿಲ್ಲ, ಬಿಬಿನನಿಗೆ ಬೇಗ ತಿಳಿಯುತ್ತದೆ ಎಂದೆ. ಜನ ನಕ್ಕರು. ನಡುನಡುವೆ ನಾನು ಅನೇಕ ಸಲ ನಿಂತೆ. ನಿಂತಾಗಲೆಲ್ಲ ಆ ಮುಷ್ಟಿ ತಿರುಗುತ್ತಿತ್ತು.

ಇಳಿಯುವ ಮೊದಲು ಇನ್ನೊಂದು ಮಾತು ಉಳಿದಿತ್ತು. "ನಾನು ಇಷ್ಟು ವರ್ಷ ಹಾಕಿದ್ದು ಬಾ... ಬಾಯಿಗೆ ಬಂದ ಮತ," ಎಂದೆ. "ಇವತ್ತು ಮನಸ್ಸಿನ ಮತ. ಜಗತ್ತಿನ ಅತ್ಯಂತ ದೊಡ್ಡ ಬ್ಯಾಂಡ್, ಪೀ... ಪೀ... ಪೀಪಿಯವರು."

ನೆಟ್ಟಣದವರಿಗೆ ಏನೂ ಅರ್ಥವಾಗದೆ ಚಪ್ಪಾಳೆ ಹೊಡೆದರು. ಚಾಕೋಚ್ಚನ್ ಕುರ್ಚಿಯಿಂದ ಎದ್ದು ನಿಂತರು. "ಎಡಾ, ಕೇಳಿದಿಯಾ? ಕೇಳಿದಿಯಾ?" ಎಂದು ಹಮೀದಾಕನ ಭುಜ ಅಲುಗಿಸಿದರು.

"ಹೆಣ್ಣಿನ ಅಪ್ಪ ಅಂತ ಹಾಕಿದ ಮತ ಅದು," ಎಂದರು ಹಮೀದಾಕ ಕಣ್ಣೊರೆಸಿಕೊಳ್ಳುತ್ತ. "ಲೆಕ್ಕಕ್ಕಿಲ್ಲ."

ಆ ದಿನದಿಂದ ನನ್ನ ಮಾತು ಸರಿಯಾಯಿತೆಂದು ತಿಳಿಯಬೇಡಿ. ಈಗಲೂ ಗಡಿಬಿಡಿಯ ಬಸ್ಸಿನಲ್ಲಿ ಕಬಕದ ಟಿಕೆಟ್ ತೆಗೆಯುವುದುಂಟು. ಆದರೆ ಹೋಟೆಲಿನಲ್ಲಿ ಪೂರಿ ತಿನ್ನುತ್ತೇನೆ. ಮಾಣಿ "ಇಡ್ಲಿಯಾ?" ಎಂದು ಅವಸರ ಮಾಡಿದರೆ ಮೇಜಿನ ಕೆಳಗೆ ನನ್ನ ಬಲಗೈ ತಾನಾಗಿ ಒಂದೆರಡು ಸುತ್ತು ತಿರುಗುತ್ತದೆ. ಅಷ್ಟರಲ್ಲಿ "ಪೂರಿ" ಬರುತ್ತದೆ.

ಮದುವೆ ಕಳೆದ ಮೇಲಿನ ಶನಿವಾರ ನಾನು ಶೆಡ್ಡಿಗೆ ಹೋದೆ. ಜಿನ್ಸಿಯ ಜಾಗದಲ್ಲಿ ತೊಳೆಯುವ ಕೆಲಸಕ್ಕೆ ಅವಳ ಅಮ್ಮ ನಿಂತಿದ್ದರು, ಬಂದ ಮೊದಲ ದಿನವೇ ಅಕ್ಕಂದಿರ ಪಕ್ಷ ಸೇರಿ ಗಂಡನ ಹೊಟ್ಟೆ ಉರಿಸುತ್ತಿದ್ದರು. ನನಗೆ ಒಂದು ವಿಷಯ ಕೇಳಬೇಕಿತ್ತು. ಮದುವೆ ಹಾಲ್‌ನಲ್ಲಿ ಚಾಕೋಚ್ಚನ್ ಕೈಯಲ್ಲಿ ಶೀಟೂ ಇರಲಿಲ್ಲ, ರೋಲರೂ ಇರಲಿಲ್ಲ. ತಿರುಗಿಸಿದ್ದು ಬರೀ ಗಾಳಿಯನ್ನು. ಆದರೂ ಕೈ ಶೆಡ್ಡಿನಲ್ಲಿ ನನಗಾಗಿ ತಿರುಗುವಷ್ಟೇ ನಿಧಾನವಾಗಿ ತಿರುಗುತ್ತಿತ್ತು.

"ಚಾಕೋಚ್ಚಾ," ಎಂದೆ, "ನಾನು ಕೊಡುವ ಶೀಟು ದಪ್ಪ ಅಂತ ನೀವು ಯಾವಾಗಲೂ ಹೇಳುದಲ್ಲ?"

"ದಪ್ಪವೇ," ಎಂದರು ಅವರು, ಹಿಡಿಯನ್ನು ಒರೆಸುತ್ತ.

"ನಿಜವಾಗಿ?"

"ಸುಳ್ಳು ಹೇಳುದಾ ನಾನು?" ಎಂದು ರೇಗಿ, ಹೊಗೆಮನೆಗೆ ಹೋಗಿ, ನಾನು ಹಿಂದೆ ಕೊಟ್ಟ ಶೀಟುಗಳಲ್ಲೊಂದನ್ನು ಹುಡುಕಿ, ಕತ್ತರಿಯಿಂದ ಒಂದು ತುಂಡು ಕತ್ತರಿಸಿ ತಂದು ನನ್ನ ಕೈಗೆ ಹಾಕಿದರು. "ತಕೋ. ನೀನೇ ನೋಡು ಎಷ್ಟು ದಪ್ಪ ಉಂಟು ಅಂತ."

ಕಚೇರಿಯಲ್ಲಿ ನನ್ನ ಮೌಸಿನ ಅಡಿ ಇರುವುದು ಅದೇ ತುಂಡು. ಎಷ್ಟೋ ಸಲ ಬೆರಳಿನ ನಡುವೆ ಹಿಡಿದು ನೋಡಿದ್ದೇನೆ. ಎಲ್ಲರ ಶೀಟಿನಷ್ಟೇ ತೆಳ್ಳಗಿದೆ.